‘ನನ್ನೊಬ್ಬನಿಂದ ಏನಾಗುತ್ತೆ’ ಅನ್ನುವ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಟ್ರೌಟ್ ಮೀನಿಗೆ ಗಾಳ ಹಾಕಲು ಶುರು ಮಾಡಿ ನನಗಿದು ಎರಡನೇ ವರ್ಷ. ಇನ್ನೂ ಹೊಸಬನೇ. ಆದರೂ ಈ ಪತ್ರ ಬರೆಯುತ್ತಿದ್ದೇನೆ. ಹೊಳೆಗಳನ್ನು ಕಾಪಾಡುವ ಜವಾಬ್ದಾರಿಯ ಮಾತು ಬಂದಾಗಲೆಲ್ಲ ನಾವು ಸರ್ಕಾರದ ಕಡೆ, ಕಾರ್ಖಾನೆಗಳ ಕಡೆ ಕೈ ತೋರಿಸುತ್ತೇವೆ. ಅವರ ಪಾಲು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಪಾಲಿನ ವಿಷಯ ಬಂದಾಗ ‘ನನ್ನೊಬ್ಬನಿಂದ ಏನಾಗುತ್ತೆ’ ಅಂತ ಅಲ್ಲಿಗೇ ಮುಗಿಸಿಬಿಡುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ಏಕೆ ಅಂತ ಹೇಳುತ್ತೇನೆ.

ಮೊದಲು ಈ ಮೀನಿನ ಖುಷಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಬರೀ ಉಪದೇಶ ಅನಿಸುತ್ತದೆ. ಟ್ರೌಟ್ ತಣ್ಣೀರಿನ ಮೀನು. ನೀರು ತಿಳಿಯಾಗಿರಬೇಕು, ಹರಿಯುತ್ತಿರಬೇಕು, ಕಾಲಿಟ್ಟರೆ ಜುಮ್ಮೆನ್ನಬೇಕು. ದೊಡ್ಡ ಕಲ್ಲಿನ ಹಿಂದೆ ಸೆಳವು ಮಂದವಾಗುವ ಜಾಗ ಇರುತ್ತದಲ್ಲ, ಅಲ್ಲಿ ಹರಿವಿಗೆ ಮುಖ ಕೊಟ್ಟು ನಿಂತಿರುತ್ತದೆ. ನಿಂತಿದೆ ಅಂತ ಗೊತ್ತೇ ಆಗುವುದಿಲ್ಲ. ಮೊದಲ ಒಂದು ತಿಂಗಳು ನನಗೆ ಕಂಡಿದ್ದು ಬರೀ ಕಲ್ಲು. ಒಂದು ಬೆಳಗ್ಗೆ ತಳದಲ್ಲಿದ್ದ ಕಲ್ಲೊಂದು ಬಾಲ ಅಲ್ಲಾಡಿಸಿತು! ಕಂದು ಬೆನ್ನು, ಪಕ್ಕೆಯ ತುಂಬ ಕಪ್ಪು ಚುಕ್ಕೆ, ನಡುನಡುವೆ ಕೆಂಪು ಚುಕ್ಕೆ, ಆ ಕೆಂಪಿನ ಸುತ್ತ ತೆಳುವಾದ ಬಿಳಿ ಉಂಗುರ. ಬ್ರೌನ್ ಟ್ರೌಟ್. ಅವತ್ತು ಗಾಳ ಹಾಕುವುದನ್ನೇ ಮರೆತು ಸುಮ್ನೆ ನೋಡುತ್ತ ನಿಂತಿದ್ದೆ.

ಟ್ರೌಟ್ ಹಿಡಿಯುವುದು ಅಂದರೆ ಅರ್ಧ ಕೆಲಸ ಹುಳು ನೋಡುವುದು. ಹೊಳೆಯಿಂದ ಒಂದು ಕಲ್ಲು ಎತ್ತಿ ಮಗುಚಿ ನೋಡಿ. ಅಡಿಯಲ್ಲಿ ಮೇಫ್ಲೈ ಎಂಬ ಹಾರುವ ಹುಳದ ಮರಿಗಳು ಕಲ್ಲಿಗೆ ಕಚ್ಚಿಕೊಂಡಿರುತ್ತವೆ. ಪಕ್ಕದಲ್ಲೇ ಕ್ಯಾಡಿಸ್ ಹುಳು, ಮರಳಿನ ಕಾಳುಗಳನ್ನು ತನ್ನದೇ ರೇಷ್ಮೆ ಎಳೆಯಲ್ಲಿ ಅಂಟಿಸಿ ಕಟ್ಟಿಕೊಂಡ ಸಣ್ಣ ಕೊಳವೆಯೊಳಗೆ. ಹಲವು ಜಾತಿಯ ಮೇಫ್ಲೈಗಳು ಸುಮಾರು ಒಂದು ವರ್ಷ ನೀರಿನಡಿ ಕಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುತ್ತವೆ. ಆ ದಿನಗಳಲ್ಲಿ ಏನೂ ತಿನ್ನುವುದಿಲ್ಲ. ಅವು ನೀರಿನ ಮೇಲೆ ಇಳಿಯುವ ಸಂಜೆ ಹೊಳೆಯ ತುಂಬ ಉಂಗುರ ಏಳುತ್ತವೆ, ಒಂದೊಂದು ಉಂಗುರದ ನಡುವೆ ಒಂದೊಂದು ಮೀನಿನ ಬಾಯಿ. ಕೊಕ್ಕೆಗೆ ಗರಿ, ಉಣ್ಣೆ ಸುತ್ತಿ ಇಂಥ ಹುಳದಂತೆ ಕಾಣುವ ಫ್ಲೈ ಕಟ್ಟುವುದು ಇವತ್ತಿನ ವಿದ್ಯೆ ಅಲ್ಲ. ಸುಮಾರು 1800 ವರ್ಷಗಳ ಹಿಂದೆಯೇ ಮ್ಯಾಸಿಡೋನಿಯದ ಜನ ಕೆಂಪು ಉಣ್ಣೆಯನ್ನೂ ಹುಂಜದ ಗರಿಯನ್ನೂ ಕಟ್ಟಿ ಚುಕ್ಕೆಯ ಮೀನು ಹಿಡಿಯುತ್ತಿದ್ದರು ಅಂತ ದಾಖಲೆ ಇದೆ. ನಾನು ಕಟ್ಟಿದ ಮೊದಲ ಫ್ಲೈ ಕೂಡ ಕೆಂಪು ಉಣ್ಣೆಯದ್ದೇ.

ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಅದೇ ಫ್ಲೈಗೆ ಒಂದು ಒಳ್ಳೆಯ ಟ್ರೌಟ್ ಬಿತ್ತು. ದಾರ ಎಲ್ಲಿ ತುಂಡಾಗುತ್ತೋ ಅನ್ನುವ ಹೆದರಿಕೆಯಲ್ಲಿ ತುಂಬ ಹೊತ್ತು ಆಡಿಸಿದೆ. ದಡಕ್ಕೆ ತಂದು ಒಣ ಕೈಯಲ್ಲಿ ಹಿಡಿದೆ, ಜಾರಿತು, ಇನ್ನೂ ಗಟ್ಟಿಯಾಗಿ ಹಿಡಿದೆ. ಫೋನ್ ತೆಗೆದೆ. ಮೊದಲ ಫೋಟೊದಲ್ಲಿ ನನ್ನ ಮುಖ ಬಂದಿರಲಿಲ್ಲ. ಎರಡನೆಯದರಲ್ಲಿ ಮೀನಿನ ಬಾಲ ಬಂದಿರಲಿಲ್ಲ. ಮೂರನೆಯದು ಚೆನ್ನಾಗಿ ಬಂತು. ಆಮೇಲೆ ನೀರಿಗೆ ಬಿಟ್ಟೆ. ಅದು ಈಜಿ ಹೋಯಿತು. ಒಂದು ಜೀವ ಉಳಿಸಿದೆ ಅನ್ನುವ ಸಮಾಧಾನ ನನಗೆ.

ಹತ್ತು ನಿಮಿಷ ಕಳೆದು ಕೆಳಗಿನ ಮಡುವಿನ ಹತ್ತಿರ ಹೋದಾಗ ಅದೇ ಮೀನು ಕಂಡಿತು. ಹೊಟ್ಟೆ ಮೇಲಾಗಿ ಸುಳಿಯಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಕಿವಿರು ಒಮ್ಮೆ ತೆರೆದು ಮುಚ್ಚಿತು, ಆಮೇಲೆ ಇಲ್ಲ. ಪಕ್ಕೆಯ ಮೇಲೆ ನನ್ನ ನಾಲ್ಕು ಬೆರಳು ಒತ್ತಿದ್ದ ಜಾಗ ಮಂಕಾಗಿ ಕಾಣುತ್ತಿತ್ತು. ಆ ಗುರುತಿನಿಂದಲೇ ಅದು ನಾನು ಬಿಟ್ಟ ಮೀನು ಅಂತ ಗೊತ್ತಾಗಿದ್ದು.

ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಪರವಾನಗಿ ಜೇಬಿನಲ್ಲೇ ಇತ್ತು. ಮೀನನ್ನು ವಾಪಸ್ ಬಿಟ್ಟೂ ಇದ್ದೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಅದು ಸತ್ತಿದ್ದು ನನ್ನಿಂದಲೇ, ಅಲ್ವಾ?

ಅವತ್ತು ರಾತ್ರಿ ಕೂತು ಓದಿದೆ. 1992ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ರೇನ್‌ಬೋ ಟ್ರೌಟ್‌ಗಳನ್ನು ಪೂರ್ತಿ ಸುಸ್ತಾಗುವವರೆಗೆ ಓಡಿಸಿ ನೋಡಿದ್ದರು. ಸುಸ್ತಾದ ಮೇಲೆ ನೀರಿನಲ್ಲೇ ಉಳಿದ ಮೀನುಗಳಲ್ಲಿ ಶೇ 12ರಷ್ಟು ಸತ್ತವು. 30 ಸೆಕೆಂಡ್ ನೀರಿನಿಂದ ಹೊರಗಿದ್ದವುಗಳಲ್ಲಿ ಶೇ 38. ಒಂದು ನಿಮಿಷ ಹೊರಗಿದ್ದವುಗಳಲ್ಲಿ ಶೇ 72. ಪ್ರಯೋಗಾಲಯದ ಲೆಕ್ಕವನ್ನು ಹಾಗೇ ಹೊಳೆಗೆ ತಂದು ಹಾಕಲಾಗುವುದಿಲ್ಲ, ಸಾವು ಇದಕ್ಕಿಂತ ಕಡಿಮೆ ಕಂಡ ಅಧ್ಯಯನಗಳೂ ಇವೆ. ಆದರೆ ನನ್ನ ಮೂರು ಫೋಟೊಗೆ ಒಂದು ನಿಮಿಷಕ್ಕಿಂತ ಜಾಸ್ತಿಯೇ ಹಿಡಿದಿತ್ತು. ಜೊತೆಗೆ ಅದು ಬೇಸಿಗೆಯ ಮಧ್ಯಾಹ್ನ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 20 ಡಿಗ್ರಿಯಲ್ಲಿ ಸುಮಾರು 9. ಮೊದಲೇ ಏದುಸಿರು ಬಿಡುತ್ತಿದ್ದ ಮೀನನ್ನು ನಾನು ಸುಸ್ತು ಮಾಡಿ, ಗಾಳಿಯಲ್ಲಿ ಎತ್ತಿ ಹಿಡಿದು, ಅದನ್ನು ಕಾಪಾಡುವ ಮೈಮೇಲಿನ ಲೋಳೆಯನ್ನೂ ಒಣ ಕೈಯಿಂದ ಉಜ್ಜಿ ತೆಗೆದಿದ್ದೆ.

ಅದೇ ಹೊಳೆಯಲ್ಲಿ ಬಹಳ ವರ್ಷಗಳಿಂದ ಗಾಳ ಹಾಕುವ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ‘ಮೀನನ್ನ ಎತ್ತಿದ ತಕ್ಷಣ ನೀನೂ ಉಸಿರು ಹಿಡ್ಕೋಪ್ಪಾ’ ಅಂದರು. ‘ನಿನಗೆ ತಡೆಯೋಕಾಗಲ್ಲ ಅನ್ನೋ ಹೊತ್ತಿಗೆ ಅದು ನೀರಲ್ಲಿರಬೇಕು, ಅಷ್ಟೇ.’ ಅವರ ಜೇಬಿನಿಂದಲೇ ಇಕ್ಕಳ ತೆಗೆದು ನನ್ನ ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ್ದ ಮುಳ್ಳನ್ನು ಅಮುಕಿ ಮಟ್ಟ ಮಾಡಿಕೊಟ್ಟರು. ಮುಳ್ಳಿಲ್ಲದ ಕೊಕ್ಕೆ ಒಂದೇ ತಿರುವಿಗೆ ಬಿಟ್ಟುಕೊಳ್ಳುತ್ತದೆ. ಒಂದಷ್ಟು ಮೀನು ತಪ್ಪಿಸಿಕೊಳ್ಳುತ್ತವೆ ನಿಜ, ತಪ್ಪಿಸಿಕೊಳ್ಳಲಿ. ಈಗ ನನ್ನ ಹತ್ತಿರ ಥರ್ಮಾಮೀಟರ್ ಇದೆ. ನೀರು 20 ಡಿಗ್ರಿ ಮುಟ್ಟಿದರೆ ದಾರ ಸುತ್ತಿ ಎದ್ದು ಬರುತ್ತೇನೆ. ಅಮೆರಿಕದ ಮೊಂಟಾನಾದಲ್ಲಿ ಬಿಸಿ ಜಾಸ್ತಿಯಾದಾಗ ಕೆಲವು ಹೊಳೆಗಳಲ್ಲಿ ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ಇಂಥ ನಿಯಮ ಇಲ್ಲದ ಕಡೆ ನಾವೇ ನಿಲ್ಲಿಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಕಾಲಿಡುವ ಜಾಗವೂ ಹಾಗೇ. ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿ ಕೆದರಿ ಗುಳಿ ಮಾಡಿ ತತ್ತಿ ಇಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಹೊಳೆಯ ತಳದಲ್ಲಿ ಅದು ಸುತ್ತಲಿಗಿಂತ ಬೆಳ್ಳಗೆ, ಈಗಷ್ಟೇ ಗುಡಿಸಿದ ಅಂಗಳದಂತೆ ಕಾಣುತ್ತದೆ. ಗೊತ್ತಿಲ್ಲದವರಿಗೆ ಅದು ಕಾಲಿಡಲು ಹೇಳಿ ಮಾಡಿಸಿದ ಜಾಗ. ಮೊಂಟಾನಾದಲ್ಲೇ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರಿಗಳು ಹೊರಬರುವವರೆಗೆ ದಿನಕ್ಕೆ ಎರಡು ಸಲ ತುಳಿದ ಗುಳಿಗಳಲ್ಲಿ ತತ್ತಿ, ಮರಿ ಸೇರಿ ಕನಿಷ್ಠ ಶೇ 83ರಷ್ಟು ಸತ್ತವು. ತತ್ತಿ ಒಡೆಯುವ ಮುಂಚೆ ಒಂದೇ ಒಂದು ಸಲ ತುಳಿದರೂ ಶೇ 43ರವರೆಗೆ. ಒಂದೇ ಸಲ!

ಇನ್ನು ಬೂಟು. ನನಗೆ ಅತಿ ಜಾಸ್ತಿ ತಟ್ಟಿದ್ದು ಇದೇ. ನ್ಯೂಜಿಲೆಂಡಿನ ಹೊಳೆಗಳಲ್ಲಿ ಒಂದು ಪುಟ್ಟ ಕೆಸರಿನ ಬಸವನಹುಳು ಇದೆ. 1987ರಲ್ಲಿ ಅದು ಅಮೆರಿಕದ ಸ್ನೇಕ್ ನದಿಯಲ್ಲಿ ಕಂಡಿತು, ಆಮೇಲೆ ಪಶ್ಚಿಮದ ಎಷ್ಟೋ ನದಿಗಳಿಗೆ ಹರಡಿತು. ಮೀನು ಹಿಡಿಯುವವರ ಬೂಟು, ಬಲೆಗಳಿಗೆ ಅಂಟಿಕೊಂಡೂ ಅದು ಹರಡುತ್ತದೆ. ತೇವ ಇದ್ದರೆ ನೀರಿಲ್ಲದೆ ಎಷ್ಟೋ ದಿನ ಬದುಕಿರುತ್ತದೆ. ಹೀಗೆ ಹೊರಗೆ ಹೋದ ಕಡೆ ಅವೆಲ್ಲ ಹೆಚ್ಚುಕಡಿಮೆ ಹೆಣ್ಣೇ, ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ. ಅಂದರೆ ಒಂದು ಹೊಳೆಯನ್ನು ತುಂಬಲು ಒಂದೇ ಒಂದು ಹುಳು ಸಾಕು. ಒಂದು ಬೂಟಿನ ಅಡಿಯಲ್ಲಿ ಬಂದ ಒಂದು ಹುಳು. ‘ನನ್ನೊಬ್ಬನಿಂದ ಏನಾಗುತ್ತೆ’ ಅನ್ನುವ ಮಾತು ನನ್ನ ಬಾಯಿಂದ ಹೋಗಿದ್ದು ಅವತ್ತೇ.

ಅದೇ ನ್ಯೂಜಿಲೆಂಡಿಗೆ ಬೇರೆ ಕಡೆಯಿಂದ ಒಂದು ಪಾಚಿ ಬಂದಿತು. 2004ರಲ್ಲಿ ದಕ್ಷಿಣ ದ್ವೀಪದಲ್ಲಿ ಡಿಡಿಮೊ ಎಂಬ ಈ ಪಾಚಿ ಕಂಡಿತು, ಕಲ್ಲುಗಳ ಮೇಲೆ ಒದ್ದೆ ಉಣ್ಣೆಯ ಕಂಬಳಿ ಹೊದಿಸಿದ ಹಾಗೆ ಬೆಳೆಯುತ್ತದೆ. 2008ರಲ್ಲಿ ಅಲ್ಲಿ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟುಗಳನ್ನೇ ನಿಷೇಧಿಸಿದರು, ಏಕೆಂದರೆ ಫೆಲ್ಟ್ ಬೇಗ ಒಣಗುವುದಿಲ್ಲ. ಅಲ್ಲಿನವರು ಹೇಳಿಕೊಡುವ ಮಾತು ಮೂರೇ: ನೋಡಿ, ತೊಳೆಯಿರಿ, ಒಣಗಿಸಿ. ಮುಟ್ಟಿದರೆ ಒಣಗಿದೆ ಅನಿಸಿದ ಮೇಲೂ 48 ಗಂಟೆ ಬಿಡಬೇಕು. ಹೊಳೆಯಿಂದ ಬಂದು ಸುಸ್ತಾಗಿರುವಾಗ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಬೂಟಿನ ಸಂದಿಯ ಮಣ್ಣು ಕೀಳುವುದು ಬೇಜಾರಿನ ಕೆಲಸ. ಕಾಲು ಗಂಟೆ ಬೇಕು. ಮಾಡಿದರೆ ಯಾರೂ ಹೊಗಳುವುದಿಲ್ಲ, ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಗಾಳ ಹಿಡಿಯದವರಿಗೆ ಇದೆಲ್ಲ ಏಕೆ ಅಂತ ಕೇಳಬಹುದು. ಮನೆಯಲ್ಲಿ ನಾಯಿ ಇದೆಯಾ? ಚಿಗಟ ಸಾಯಲಿ ಅಂತ ಅದರ ಕತ್ತಿನ ಮೇಲೆ ಹಾಕುವ ಹನಿಗಳಲ್ಲಿ ಕೆಲವದರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಇರುತ್ತದೆ. ಇಂಗ್ಲೆಂಡಿನ 20 ನದಿಗಳಿಂದ ತೆಗೆದ ನೀರಿನ ಮಾದರಿಗಳಲ್ಲಿ ಶೇ 98ರಲ್ಲಿ ಅದು ಇತ್ತು ಅಂತ 2020ರ ಒಂದು ಅಧ್ಯಯನ ಹೇಳಿತು. ಚಿಗಟವನ್ನು ಕೊಲ್ಲುವ ಮದ್ದಿಗೆ ಮೇಫ್ಲೈ ಬೇರೆ ಅಂತ ಗೊತ್ತಾಗುವುದಿಲ್ಲ. ನಾಯಿಗೆ ಮದ್ದು ಹಾಕಬೇಡಿ ಅನ್ನುತ್ತಿಲ್ಲ. ಚಿಗಟ ಇದೆಯಾ ಅಂತ ನೋಡಿ, ಪಶುವೈದ್ಯರನ್ನು ಕೇಳಿ ಹಾಕಿ, ಹಾಕಿದ ಕೆಲವು ದಿನ ಅದನ್ನು ಹೊಳೆಗೆ ಇಳಿಸಬೇಡಿ. ಕಾರು ಇದೆಯಾ? ಟೈರ್ ಬಿರುಕು ಬಿಡದಿರಲಿ ಅಂತ ರಬ್ಬರಿಗೆ ಬೆರೆಸುವ ಒಂದು ರಾಸಾಯನಿಕ ಗಾಳಿಯ ಓಜೋನ್ ಜೊತೆ ಸೇರಿ ಇನ್ನೊಂದಾಗುತ್ತದೆ, ಮಳೆ ಬಂದಾಗ ರಸ್ತೆಯ ಟೈರ್ ಪುಡಿಯ ಜೊತೆ ಹೊಳೆಗೆ ಇಳಿಯುತ್ತದೆ. ಕೋಹೊ ಸಾಲ್ಮನ್ ಎಂಬ ಮೀನುಗಳು ಮಳೆಯ ನಂತರ ಸಾಯುವುದು ಇದರಿಂದಲೇ ಅಂತ 2020ರ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದರು. ರೇನ್‌ಬೋ ಟ್ರೌಟ್‌ಗೂ ಅದು ವಿಷ ಅಂತ ಆಮೇಲೆ ಗೊತ್ತಾಯಿತು. ಇದಕ್ಕೆ ಮದ್ದು ಟೈರ್ ಮಾಡುವವರ ಕೈಯಲ್ಲೇ ಇದೆ, ಅವರನ್ನು ಬಿಡದೆ ಕೇಳಬೇಕು. ಅಲ್ಲಿವರೆಗೆ ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಗಕ್ಕನೆ ಬ್ರೇಕ್ ಒತ್ತದೆ ಓಡಿಸುವುದು ನಮ್ಮ ಕೈಯಲ್ಲಿದೆ.

ಒಂದು ಮಾತು ಮುಚ್ಚಿಡಬಾರದು. ನಾನು ಇಷ್ಟು ಪ್ರೀತಿಸುವ ಮೀನು ಎಷ್ಟೋ ಕಡೆ ಹೊರಗಿನಿಂದ ತಂದು ಬಿಟ್ಟಿದ್ದು. 1864ರಲ್ಲಿ ಬ್ರೌನ್ ಟ್ರೌಟ್ ತತ್ತಿಗಳನ್ನು ಇಂಗ್ಲೆಂಡಿನಿಂದ ಮಂಜುಗಡ್ಡೆಯ ನಡುವೆ ಹಾವಸೆಯಲ್ಲಿ ಇಟ್ಟು ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಒಯ್ದರು. ಹೋದ ಕಡೆ ಅಲ್ಲಿಯ ಸಣ್ಣ ಮೀನುಗಳನ್ನು ತಿಂದು ಮುಗಿಸಿದ ಕತೆಯೂ ಇದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಬ್ರೌನ್, ರೇನ್‌ಬೋ ಎರಡೂ ಇವೆ. ಅಮೆರಿಕದ ಯೆಲ್ಲೊಸ್ಟೋನ್ ಸರೋವರದಲ್ಲಿ ಯಾರೋ ಬಿಟ್ಟ ಲೇಕ್ ಟ್ರೌಟ್ 1994ರಲ್ಲಿ ಕಂಡಿತು, ಅಲ್ಲಿ ಅದನ್ನು ಹಿಡಿದರೆ ವಾಪಸ್ ಬಿಡುವ ಹಾಗೇ ಇಲ್ಲ, ಕೊಲ್ಲಲೇಬೇಕು. ಹಾಗಾಗಿ ‘ಬಿಟ್ಟರೆ ಒಳ್ಳೆಯವನು, ಇಟ್ಟುಕೊಂಡರೆ ಕೆಟ್ಟವನು’ ಅನ್ನುವ ಲೆಕ್ಕ ಎಲ್ಲ ನೀರಿಗೂ ಒಪ್ಪುವುದಿಲ್ಲ. ನಾನು ನಿಂತಿರುವ ನೀರು ಯಾವುದು, ಅದರಲ್ಲಿ ಮೊದಲಿಂದ ಇದ್ದವರು ಯಾರು ಅಂತ ಕೇಳಿ ತಿಳಿದುಕೊಳ್ಳಬೇಕು. ಕೊಲ್ಲುವುದಿದ್ದರೆ ಒದ್ದಾಡಿಸದೆ ಒಂದೇ ಏಟಿಗೆ ಮುಗಿಸಬೇಕು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಮೀನು ಹಿಡಿದವರ ಫೋಟೊ ಹಾಕುವಾಗ, ಮೀನನ್ನು ಎದೆಮಟ್ಟಕ್ಕೆ ಎತ್ತಿ ನಗುವ ಫೋಟೊ ಬದಲು ಅರ್ಧ ನೀರಿನಲ್ಲೇ ಇರುವ ಮೀನಿನ ಫೋಟೊ ಕೇಳಿ. ಹೊಸಬರು ಫೋಟೊ ನೋಡಿಯೇ ಕಲಿಯುತ್ತೇವೆ. ನಾನು ಕಲಿತಿದ್ದೂ ಹಾಗೇ.

ಈ ಪತ್ರ ಬರೆಯುವಾಗ ನನ್ನ ಬೂಟು ಹೊರಗೆ ತಲೆಕೆಳಗಾಗಿ ಒಣಗುತ್ತಿದೆ. ನಾಳೆ ಸ್ನೇಹಿತರು ಬೇರೆ ಹೊಳೆಗೆ ಕರೆದಿದ್ದಾರೆ. ಒಳಗೆ ಕೈ ಹಾಕಿ ನೋಡಿದೆ, ಬೆರಳಿನ ತುದಿಗೆ ಇನ್ನೂ ತೇವ ಹತ್ತುತ್ತಿದೆ. ಮುಂದಿನ ವಾರ ಬರುತ್ತೇನೆ ಅಂತ ಹೇಳಿದ್ದೇನೆ.

ಇಂತಿ ನಿಮ್ಮ ಓದುಗ