ಹಾರ್ಡ್ ಕಾಪಿ ಕೇಳುವವರು ಕಾರಣವನ್ನೂ ಬರೆಯಲಿ: ಮುಖ್ಯ ಕಾರ್ಯದರ್ಶಿಯವರಿಗೆ ಬಹಿರಂಗ ಪತ್ರ

ಗೆ,
ಸರ್ಕಾರದ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಕಚೇರಿಗಳಲ್ಲಿ ಪ್ರಿಂಟ್ ಮತ್ತು ಜೆರಾಕ್ಸ್ ವೆಚ್ಚ ತಗ್ಗಿಸಿ, ಕೆಲಸ ಹಗುರ ಮಾಡುವ ಕುರಿತು.

ಮಾನ್ಯರೇ,

ತಾಲ್ಲೂಕು ಮಟ್ಟದ ಕಚೇರಿಗಳಲ್ಲೇ ಸೇವೆ ಸಲ್ಲಿಸಿ ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದವನು ನಾನು. ಸೇವೆಯ ಬಹುಭಾಗ ಲೇಖನ ಸಾಮಗ್ರಿಯ ದಾಸ್ತಾನು ವಹಿ ನನ್ನ ಸುಪರ್ದಿಯಲ್ಲಿತ್ತು. ಎಷ್ಟು ರೀಮ್ (500 ಹಾಳೆಯ ಕಟ್ಟು) ಕಾಗದ ಬಂತು, ಯಾವ ಶಾಖೆಗೆ ಎಷ್ಟು ಹೋಯಿತು, ಕಾರ್ಟ್ರಿಡ್ಜ್ ಯಾವತ್ತು ಬದಲಾಯಿತು ಎಂಬುದೆಲ್ಲ ಆ ವಹಿಯಲ್ಲಿ ಸಿಗುತ್ತದೆ. ಆ ಕಾಗದದ ಮೇಲೆ ಏನು ಅಚ್ಚಾಯಿತು, ಕೇಳಿದವರು ಯಾರು, ಕೊನೆಗೆ ಓದಿದವರು ಯಾರು ಎಂಬುದು ಮಾತ್ರ ಯಾವ ವಹಿಯಲ್ಲೂ ಇಲ್ಲ. ಆಡಿಟ್‌ನವರೂ ರೀಮ್‌ಗಳ ಲೆಕ್ಕ ಸರಿಯಿದ್ದರೆ ಟಿಕ್ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಸರ್ಕಾರಿ ಕಚೇರಿಯಲ್ಲಿ ಪ್ರಿಂಟ್ ವೆಚ್ಚ ಏಕೆ ಏರುತ್ತದೆ ಎಂದು ಕೇಳಿದರೆ ಎಲ್ಲರೂ ಕಾಗದದ ಬೆಲೆ, ಟೋನರ್ ಬೆಲೆ ಎನ್ನುತ್ತಾರೆ. ನನಗೆ ಕಂಡ ಮೂಲ ಕಾರಣ ಬೇರೆ. ಕಾಗದ ಕೇಳುವ ಕಚೇರಿ ಒಂದು, ಅದಕ್ಕೆ ದುಡ್ಡು ತೆರುವ ಕಚೇರಿ ಇನ್ನೊಂದು. ಕೇಳುವವರಿಗೆ ಖರ್ಚಿಲ್ಲ, ಹಾಗಾಗಿ ಕೇಳುವುದಕ್ಕೆ ಮಿತಿಯೂ ಇಲ್ಲ.

ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೇಲಿನಿಂದ ಒಂದು ಪತ್ರ ಬರುತ್ತದೆ: 'ಮಾಹಿತಿಯನ್ನು ಲಗತ್ತಿಸಿದ ನಮೂನೆಯಲ್ಲಿ ಇಂದು ಸಂಜೆಯೊಳಗೆ ಇ-ಮೇಲ್ ಮೂಲಕ ಹಾಗೂ ದ್ವಿಪ್ರತಿಯಲ್ಲಿ ಮುದ್ದಾಂ ಮೂಲಕ (ಆಳಿನ ಕೈಯಲ್ಲಿ) ಸಲ್ಲಿಸುವುದು.' ಆ ಪತ್ರವನ್ನು ತಾಲ್ಲೂಕಿನಲ್ಲಿ ಪ್ರಿಂಟ್ ತೆಗೆದು ಟಪಾಲಿಗೆ ಹಾಕುತ್ತಾರೆ. ಅದಕ್ಕೆ ಮೇಲುಹೊದಿಕೆ ಪತ್ರ ಸೇರಿಸಿ ಪ್ರತಿ ಗ್ರಾಮ ಪಂಚಾಯಿತಿಗೆ ಕಳಿಸುತ್ತಾರೆ. ಪಿಡಿಒ ಅದನ್ನು ಪ್ರಿಂಟ್ ತೆಗೆದು, ನಮೂನೆ ತುಂಬಿ, ಸಹಿ ಮಾಡಿ, ಎರಡು ಪ್ರತಿ ಕೊಟ್ಟು ಕಳಿಸುತ್ತಾರೆ. ತಾಲ್ಲೂಕಿನಲ್ಲಿ ಕ್ರೋಡೀಕರಿಸಿ ಮತ್ತೆ ಪ್ರಿಂಟ್, ಜಿಲ್ಲೆಯಲ್ಲಿ ಕ್ರೋಡೀಕರಿಸಿ ಮತ್ತೆ ಪ್ರಿಂಟ್. ಇಲಾಖೆಯ ಮುಖ್ಯ ಕಚೇರಿ ತಲುಪುವ ಹೊತ್ತಿಗೆ ಅದೇ ಅಂಕಿಗಳು ನಾಲ್ಕು ಹಂತಗಳಲ್ಲಿ ಕಾಗದವಾಗಿರುತ್ತವೆ. ಅಲ್ಲಿ ಕೂತವರು ಬಳಸುವುದು ಇ-ಮೇಲ್‌ನಲ್ಲಿ ಬಂದ ಎಕ್ಸೆಲ್ ಅನ್ನೇ. ಕಾಗದದ ಪ್ರತಿ ಕಟ್ಟು ಬಿಚ್ಚದೆಯೇ ಬೀರುವಿಗೆ ಹೋಗುತ್ತದೆ.

ಇಷ್ಟರ ಖರ್ಚು ಬೀಳುವುದು ಕೆಳಗಿನ ಕಚೇರಿಯ ಸಾದಿಲ್ವಾರು ಅನುದಾನದ ಮೇಲೆ, ಅಂದರೆ ಸಣ್ಣಪುಟ್ಟ ಖರ್ಚಿಗೆಂದು ಕೊಡುವ ಹಣದ ಮೇಲೆ. ಅದು ವರ್ಷದ ನಡುವೆಯೇ ಮುಗಿಯುತ್ತದೆ. ಆಮೇಲೆ ಉಳಿಯುವುದು ಎರಡು ದಾರಿ: ನೌಕರ ತನ್ನ ಜೇಬಿನಿಂದ ಹಾಕಬೇಕು, ಇಲ್ಲವೇ ಕೌಂಟರಿನ ಮುಂದೆ ನಿಂತವರಿಗೆ 'ಹೊರಗಡೆ ಎರಡು ಸೆಟ್ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ' ಎನ್ನಬೇಕು. ಯಾವ ಊರಿನ ಮಿನಿ ವಿಧಾನಸೌಧದ ಎದುರು ನೋಡಿದರೂ ಸಾಲು ಜೆರಾಕ್ಸ್ ಅಂಗಡಿಗಳಿವೆ. ಆ ಅಂಗಡಿಯವರ ಮೇಲೆ ನನಗೆ ಯಾವ ಬೇಸರವೂ ಇಲ್ಲ, ಅವರು ದುಡಿದು ತಿನ್ನುವವರು. ಆದರೆ ಅಲ್ಲಿ ಸಾಲಿನಲ್ಲಿ ನಿಲ್ಲುವವರು ದಿನಗೂಲಿ ಬಿಟ್ಟು ಬಂದ ರೈತರು, ವಿಧವಾ ವೇತನಕ್ಕೆ ಅರ್ಜಿ ಹಾಕಲು ಬಂದ ತಾಯಂದಿರು. ಸರ್ಕಾರದ ಪ್ರಿಂಟ್ ವೆಚ್ಚದ ಒಂದು ಪಾಲು ಯಾವ ಬಜೆಟ್ಟಿನಲ್ಲೂ ಕಾಣಿಸದೆ ಇವರ ಜೇಬಿನಿಂದ ಹೋಗುತ್ತಿದೆ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು.

ಜನರಿಂದ ಕೇಳುವ ಕಾಗದಗಳಲ್ಲಿ ಹೆಚ್ಚಿನವು ಸರ್ಕಾರವೇ ಕೊಟ್ಟಂಥವು. ಪಹಣಿ ಭೂಮಿ ತಂತ್ರಾಂಶದಲ್ಲಿದೆ, ಆಸ್ತಿ ನೋಂದಣಿ ಕಾವೇರಿ ತಂತ್ರಾಂಶದಲ್ಲಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಆರ್‌ಡಿ ಸಂಖ್ಯೆ ಇದೆ, ಅದನ್ನು ಹಾಕಿದರೆ ವಿದ್ಯಾರ್ಥಿವೇತನದ ಪೋರ್ಟಲ್ ತಾನಾಗಿಯೇ ವಿವರ ತೆಗೆದುಕೊಳ್ಳುತ್ತದೆ. ರೈತರು ಪ್ರತಿ ಯೋಜನೆಗೂ ಪಹಣಿ ಹಿಡಿದು ಅಲೆಯಬಾರದು ಎಂದೇ ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶದ ಗುರುತಿನ ಸಂಖ್ಯೆ ಬಂತು. ಡಿಜಿಲಾಕರ್‌ ಮೂಲಕ ಇಲಾಖೆಗಳೇ ನೀಡಿದ ದಾಖಲೆಗೆ ಮೂಲ ದಾಖಲೆಯ ಮಾನ್ಯತೆಯನ್ನು ಕೇಂದ್ರದ ನಿಯಮಗಳೇ ಕೊಟ್ಟಿವೆ. ಇಷ್ಟೆಲ್ಲ ಇದ್ದೂ ಸಂಖ್ಯೆಯೂ ಬೇಕು, ಅದರ ಜೆರಾಕ್ಸೂ ಬೇಕು. ಹೀಗೆ ರಾಶಿ ಬೀಳುವ ಆಧಾರ್ ಪ್ರತಿಗಳ ಗತಿಯನ್ನೂ ತಾವು ಯೋಚಿಸಬೇಕು. ಒಂದು ಬದಿ ಖಾಲಿ ಇದೆ ಎಂದು ಅವು ರಫ್ ಹಾಳೆಯಾಗುವುದನ್ನು, ರದ್ದಿಯ ಜೊತೆ ಹೊರಗೆ ಹೋಗುವುದನ್ನು ನಾನು ಕಂಡಿದ್ದೇನೆ. ಅದರ ಮೇಲೆ ಒಬ್ಬರ ಫೋಟೊ, ವಿಳಾಸ, ಸಂಖ್ಯೆ ಎಲ್ಲವೂ ಇರುತ್ತವೆ.

ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದ ಮೇಲೆ ಕಾಗದ ಇಳಿಯಬೇಕಿತ್ತು. ಸಚಿವಾಲಯದಲ್ಲಿ ಇಳಿದಿರಬಹುದು. ಕೆಳಗಿನ ಹಂತದಲ್ಲಿ ಎಷ್ಟೋ ಕಡೆ ಆಗುತ್ತಿರುವುದು ಇಷ್ಟು: ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಾಹೇಬರ ಸಹಿ, ಸೀಲು ಹಾಕಿಸುತ್ತಾರೆ, ಮತ್ತೆ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುತ್ತಾರೆ. ಸ್ವೀಕರಿಸಿದವರು ಅದನ್ನು ಮತ್ತೆ ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸುತ್ತಾರೆ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೂ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆ ಕೊಟ್ಟು ಕಾಲು ಶತಮಾನವಾಯಿತು. ಆದರೂ 'ನಾಳೆ ಆಡಿಟ್‌ನಲ್ಲಿ ಕೇಳಿದರೆ?' ಎಂಬ ಭಯ ಹೋಗಿಲ್ಲ. ಆ ಭಯ ತೆಗೆಯುವ ಅಧಿಕಾರ ಗುಮಾಸ್ತನಿಗಿಲ್ಲ, ತಮಗಿದೆ. ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಬಹಳ ಒಳ್ಳೆಯ ಕೆಲಸ. ಅದರ ಬೆನ್ನಿಗೇ, ಮುಂದೆ ಸ್ಕ್ಯಾನ್ ಮಾಡಿಸಬೇಕಾದ ಹೊಸ ಕಾಗದ ಹುಟ್ಟುವುದನ್ನೂ ನಿಲ್ಲಿಸಬೇಕಲ್ಲವೇ?

ಕನ್ನಡದ್ದೇ ಒಂದು ತೊಡಕಿದೆ. ಬೆಂಗಳೂರಿನ ಸಭೆಗಳಲ್ಲಿ ಇದು ಚರ್ಚೆಗೆ ಬರುವುದೋ ಇಲ್ಲವೋ ಕಾಣೆ. ನಮ್ಮ ಕಚೇರಿಗಳಲ್ಲಿ ಇನ್ನೂ ಬಹಳಷ್ಟು ಮಂದಿ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲೇ ಟೈಪ್ ಮಾಡುತ್ತಾರೆ, ಯಾವ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಓದಲು ಬರುವ ಯೂನಿಕೋಡ್ ಬಳಸುವುದಿಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಮೊಬೈಲಿನಲ್ಲಂತೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ 'ಸಾಫ್ಟ್ ಕಾಪಿ ಓಪನ್ ಆಗ್ತಿಲ್ಲ, ಹಾರ್ಡ್ ಕಾಪಿ ಕಳಿಸಿ' ಎಂದು ಫೋನ್ ಬರುತ್ತದೆ. ಸ್ಕ್ಯಾನ್ ಮಾಡಿ ಕಳಿಸಿದರೆ ಅದು ಬರೀ ಚಿತ್ರ, ಅದರಲ್ಲಿ ಒಂದು ಹೆಸರು ಹುಡುಕಲಾಗದು, ಒಂದು ಸಾಲು ನಕಲು ಮಾಡಿ ಮುಂದಿನ ಟಿಪ್ಪಣಿಗೆ ಹಾಕಲಾಗದು. ಮತ್ತೆ ಮೊದಲಿಂದ ಟೈಪ್, ಮತ್ತೆ ಪ್ರಿಂಟ್. ಯೂನಿಕೋಡ್ ಬಳಸಿದರೆ ಈ ಅರ್ಧ ಕೆಲಸ ತಾನಾಗಿ ಬಿದ್ದುಹೋಗುತ್ತದೆ. ಕೀಲಿಮಣೆ ವಿನ್ಯಾಸ ಬದಲಾಗಬೇಕಿಲ್ಲ, ಬೆರಳುಗಳ ಅಭ್ಯಾಸವೂ ಬದಲಾಗಬೇಕಿಲ್ಲ, ಒಂದು ಆಯ್ಕೆ ಬದಲಿಸಿದರೆ ಸಾಕು. ಹಿರಿಯ ನೌಕರರ ಪಕ್ಕ ಅರ್ಧ ದಿನ ಕೂತು ತೋರಿಸಿಕೊಡುವವರು ಒಬ್ಬರು ಬೇಕು, ಅಷ್ಟೇ. ಆದೇಶ ಮಾತ್ರ ಕಳಿಸಿದರೆ ಇದು ಆಗುವುದಿಲ್ಲ.

ಇನ್ನು ಯಂತ್ರಗಳ ಮಾತು. ಒಂದೊಂದು ಟೇಬಲಿಗೆ ಒಂದೊಂದು ಸಣ್ಣ ಪ್ರಿಂಟರ್, ಒಂದೊಂದಕ್ಕೆ ಒಂದೊಂದು ನಮೂನೆಯ ಕಾರ್ಟ್ರಿಡ್ಜ್. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಈಗಲೂ ಎಷ್ಟೋ ಕಚೇರಿಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಓಡುತ್ತಿದೆ. ಗಟ್ಟಿ ಯಂತ್ರ, ಧೂಳು ತಡೆದುಕೊಳ್ಳುತ್ತದೆ, ಆದರೆ ತಾನಾಗಿ ಎರಡೂ ಬದಿ ಅಚ್ಚು ಹಾಕುವುದಿಲ್ಲ. ಅದರ 12ಎ ಕಾರ್ಟ್ರಿಡ್ಜಿನಲ್ಲಿ ಸುಮಾರು 2,000 ಪುಟ ಬರುತ್ತದೆ ಎಂದು ಕಂಪನಿ ಹೇಳುವುದು ಪುಟದ ಶೇ 5ರಷ್ಟು ಜಾಗಕ್ಕೆ ಮಾತ್ರ ಶಾಯಿ ಬಿದ್ದರೆ ಎಂಬ ಲೆಕ್ಕದಲ್ಲಿ. ನಮ್ಮ ಕಚೇರಿಗಳ ಪುಟ ಹಾಗಿರುವುದಿಲ್ಲ. ದಪ್ಪ ಅಕ್ಷರದ ಶೀರ್ಷಿಕೆ, ಬೂದು ಬಣ್ಣ ತುಂಬಿದ ಕೋಷ್ಟಕ, ಅದಕ್ಕಿಂತ ಕೆಟ್ಟದ್ದು, ಜೆರಾಕ್ಸಿನ ಜೆರಾಕ್ಸ್ ಸ್ಕ್ಯಾನ್ ಮಾಡಿದಾಗ ಸುತ್ತ ಬರುವ ಕಪ್ಪು ಅಂಚು. ಆ ಅಂಚಿಗೇ ಟೋನರ್ ಪುಡಿ ಸುರಿದುಹೋಗುತ್ತದೆ.

ನಾಲ್ಕೈದು ಸಣ್ಣ ಪ್ರಿಂಟರ್‌ಗಳ ಜಾಗದಲ್ಲಿ, ಎರಡೂ ಬದಿ ಅಚ್ಚು ಹಾಕುವ, ನೆಟ್‌ವರ್ಕಿಗೆ ಸೇರಿದ ಒಂದು ದೊಡ್ಡ ಯಂತ್ರ ಹಾಲ್‌ನಲ್ಲಿ ಇಟ್ಟರೆ ಒಂದೇ ಬಗೆಯ ಟೋನರ್ ಸಾಕು, ಒಂದೇ ನಿರ್ವಹಣಾ ಒಪ್ಪಂದ ಸಾಕು. ಕೆಟ್ಟಾಗ ಕೆಲಸ ನಿಲ್ಲಬಾರದೆಂದು ಹಳೆಯದೊಂದನ್ನು ಉಳಿಸಿಕೊಳ್ಳಬಹುದು. ಗೋಪ್ಯ ಕಾಗದ ಟ್ರೇಯಲ್ಲಿ ಬಿದ್ದಿರಬಾರದು ಎನ್ನುವವರಿಗೆ, ಯಂತ್ರದ ಮುಂದೆ ನಿಂತು ಪಿನ್ ಒತ್ತಿದ ಮೇಲಷ್ಟೇ ಹಾಳೆ ಹೊರಬರುವ ಸೌಲಭ್ಯ ಅಂಥ ಯಂತ್ರಗಳಲ್ಲಿ ಸಿಗುತ್ತದೆ. ಪ್ರಿಂಟ್ ಕೊಟ್ಟು ಮರೆತವರ ಕಾಗದವೂ ಹಾಗೆ ಉಳಿತಾಯವಾಗುತ್ತದೆ. ಖರೀದಿ ಮಾಡುವಾಗ ಇಂದು ನೋಡುವುದು ಯಂತ್ರದ ಬೆಲೆಯನ್ನು ಮಾತ್ರ, ಕಡಿಮೆ ದರ ನಮೂದಿಸಿದವರಿಗೆ ಆದೇಶ. ಅಗ್ಗದ ಪ್ರಿಂಟರಿಗೆ ದುಬಾರಿ ಕಾರ್ಟ್ರಿಡ್ಜ್ ಇರುತ್ತದೆ ಎಂಬುದು ದಾಸ್ತಾನು ವಹಿ ಬರೆದ ಎಲ್ಲರಿಗೂ ಗೊತ್ತು. ಟೆಂಡರಿನಲ್ಲಿ ಐದು ವರ್ಷದ ಟೋನರ್, ಡ್ರಮ್, ರಿಪೇರಿ ಸೇರಿಸಿ ಒಂದು ಪುಟಕ್ಕೆ ಎಷ್ಟು ಪೈಸೆ ಎಂದು ಕೇಳಿದರೆ ನಿಜವಾದ ಅಗ್ಗ ಯಾವುದು ಎಂದು ತಿಳಿಯುತ್ತದೆ.

ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಪುಸ್ತಕದ ಬಗ್ಗೆ ಹೇಳದಿದ್ದರೆ ಈ ಪತ್ರ ಪೂರ್ತಿಯಾಗದು. ಪ್ರತಿ ಇಲಾಖೆಯ ಪ್ರಗತಿ ವರದಿ ಸೇರಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಸದಸ್ಯರಿಗೂ ಅಧಿಕಾರಿಗಳಿಗೂ ಒಂದೊಂದು ಕೊಡುತ್ತಾರೆ. ಹಿಂದಿನ ರಾತ್ರಿ ಅಂಕಿ ತಿದ್ದುಪಡಿಯಾದರೆ ಮತ್ತೆ ಎಲ್ಲ ಪ್ರತಿ. ಸಭೆಯಲ್ಲಿ ಕುಡಿಯುವ ನೀರು, ಶಾಲೆ ಕೊಠಡಿ, ರಸ್ತೆ ಎಂದು ನಾಲ್ಕೈದು ವಿಷಯ ಚರ್ಚೆಯಾಗುತ್ತವೆ, ಉಳಿದ ಪುಟ ಯಾರೂ ತೆರೆಯುವುದಿಲ್ಲ. ಸಭೆ ಮುಗಿದ ಮೇಲೆ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಎತ್ತಿಡುವ ಡಿ ಗ್ರೂಪ್ ನೌಕರರನ್ನು ಕೇಳಿದರೆ ಇದರ ಲೆಕ್ಕ ಸಿಗುತ್ತದೆ. ದೊಡ್ಡ ಅಕ್ಷರದಲ್ಲಿ ನಾಲ್ಕು ಪುಟದ ಸಾರಾಂಶ ಕೈಗೆ ಕೊಟ್ಟು, ಪೂರ್ಣ ವರದಿಯನ್ನು ಪರದೆಯ ಮೇಲೆ ತೋರಿಸಿದರೆ ಚರ್ಚೆಯೂ ಚೆನ್ನಾಗಿ ನಡೆಯುತ್ತದೆ. ಹಿಮಾಚಲ ಪ್ರದೇಶದ ವಿಧಾನಸಭೆ 2014ರಲ್ಲೇ ಕಾಗದರಹಿತವಾಯಿತು. ಒಂದು ತಾಲ್ಲೂಕು ಸಭೆಗೆ ಅದು ಆಗದ ಮಾತೇನಲ್ಲ.

ಎಲ್ಲ ಕಾಗದವನ್ನೂ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಗ್ರಾಮಸಭೆಯ ತಿಳಿವಳಿಕೆ ಪತ್ರ ಊರ ಬಾಗಿಲಿಗೆ ಅಂಟಬೇಕು. ಕಾನೂನಿನಂತೆ ಜಾರಿ ಮಾಡಬೇಕಾದ ನೋಟಿಸ್ ಕೈಗೆ ಮುಟ್ಟಬೇಕು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಪಿಂಚಣಿ ಮಂಜೂರಾತಿ ಆದೇಶ ಕಾಗದದಲ್ಲೇ ಸಿಗಬೇಕು, ಅದೂ ಸ್ಪಷ್ಟವಾಗಿ, ಪೂರ್ಣ ಶಾಯಿಯಲ್ಲಿ. ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಪ್ರತಿ ಕೊಡಲು ಮಿತವ್ಯಯದ ನೆಪ ಹೇಳಕೂಡದು. ಜನರಿಗೆ ಹೋಗುವ ಕಾಗದ ಉಳಿಯಲಿ. ಕಚೇರಿಯಿಂದ ಕಚೇರಿಗೆ ಓಡಾಡುವ ಕಾಗದಕ್ಕೆ ಮಾತ್ರ ಕಡಿವಾಣ ಬೀಳಲಿ.

ಹಾಗಾಗಿ ತಮ್ಮಲ್ಲಿ ನನ್ನ ಕೋರಿಕೆ ಇದು. ಮೊದಲನೆಯದಾಗಿ ಒಂದು ಸುತ್ತೋಲೆ ಹೊರಡಿಸಿ: ಇ-ಮೇಲ್ ಅಥವಾ ಇ-ಆಫೀಸ್ ಮೂಲಕ ಬಂದ ಮಾಹಿತಿಗೆ ಯಾವ ಕಚೇರಿಯೂ ಹಾರ್ಡ್ ಕಾಪಿ ಕೇಳುವಂತಿಲ್ಲ, ಕೇಳಲೇಬೇಕಾದರೆ ಯಾವ ನಿಯಮದಡಿ ಬೇಕು ಎಂದು ಆ ಪತ್ರದಲ್ಲೇ ಬರೆದು ಅಧಿಕಾರಿ ಸಹಿ ಮಾಡಬೇಕು. ಕಾರಣ ಬರೆಯಬೇಕೆಂದರೆ ಕೇಳುವವರಲ್ಲಿ ಬಹುಪಾಲು ಮಂದಿ ಕೇಳುವುದಿಲ್ಲ. ಆದೇಶಗಳ ಕೊನೆಯಲ್ಲಿ ಪ್ರತಿಗಳ ಪಟ್ಟಿಯಲ್ಲಿ ಬರುವ 'ಶಾಖಾ ರಕ್ಷಾ ಕಡತ, ಹೆಚ್ಚುವರಿ ಪ್ರತಿ' ಎಂಬ ಸಾಲನ್ನೂ ಅದರಲ್ಲೇ ತೆಗೆಸಿ. ಸರ್ಕಾರವೇ ಕೊಟ್ಟ, ಆನ್‌ಲೈನಿನಲ್ಲಿ ಪರಿಶೀಲಿಸಬಹುದಾದ ದಾಖಲೆಯ ಜೆರಾಕ್ಸನ್ನು ಅರ್ಜಿದಾರರಿಂದ ಕೇಳಬಾರದು ಎಂದೂ ಸೇರಿಸಿ. ಲೆಕ್ಕಪರಿಶೋಧಕರಿಗೂ ಅದರ ಪ್ರತಿ ಹೋಗಲಿ, ಇಲ್ಲದಿದ್ದರೆ ಕೆಳಗಿನವರು ನಂಬುವುದಿಲ್ಲ.

ಎರಡು ಬದಿ ಪ್ರಿಂಟ್ ಕಡ್ಡಾಯವಾಗಲಿ. ಸುಪ್ರೀಂ ಕೋರ್ಟ್ 2020ರಲ್ಲೇ ಎ4 ಹಾಳೆಯ ಎರಡೂ ಬದಿ ಬಳಕೆಗೆ ಹೊರಳಿತು, ನಮ್ಮಲ್ಲಿ ಲೀಗಲ್ ಹಾಳೆಯ ಒಂದೇ ಬದಿಯ ಅಭ್ಯಾಸ ಇನ್ನೂ ಹೋಗಿಲ್ಲ. ಉಳಿತಾಯ ಸಣ್ಣದೆಂದು ಯಾರೂ ತಿಳಿಯಬಾರದು. 75 ಜಿಎಸ್‌ಎಂ ಎ4 ಕಾಗದದ ಒಂದು ರೀಮ್ ಸುಮಾರು 2.3 ಕೆ.ಜಿ. ತೂಗುತ್ತದೆ. ರಾಜ್ಯದ 5,900ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳು ತಿಂಗಳಿಗೆ ಒಂದೊಂದು ರೀಮ್ ಉಳಿಸಿದರೂ ವರ್ಷಕ್ಕೆ 70 ಸಾವಿರ ರೀಮ್, 160 ಟನ್ ಮೀರಿದ ಕಾಗದ. ಬೇರೆ ಇಲಾಖೆಗಳನ್ನು ನಾನು ಇದರಲ್ಲಿ ಸೇರಿಸಿಲ್ಲ.

ಕೊನೆಯದಾಗಿ, ಎಣಿಸಿ. ಬಹುತೇಕ ಲೇಸರ್ ಪ್ರಿಂಟರ್‌ಗಳು ಮೊದಲ ದಿನದಿಂದ ಎಷ್ಟು ಪುಟ ಅಚ್ಚು ಹಾಕಿವೆ ಎಂಬ ಎಣಿಕೆಯನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಕಾನ್ಫಿಗರೇಶನ್ ಪುಟ ತೆಗೆದರೆ ಆ ಸಂಖ್ಯೆ ಸಿಗುತ್ತದೆ. ಪ್ರತಿ ತಿಂಗಳ ಮೊದಲ ಕೆಲಸದ ದಿನ ಅದನ್ನು ದಾಸ್ತಾನು ವಹಿಯ ಒಂದು ಹೊಸ ಕಲಮಿನಲ್ಲಿ ಬರೆಯಲು ಹೇಳಿ. ಹೊಸ ತಂತ್ರಾಂಶ ಬೇಡ, ಹೊಸ ಆ್ಯಪ್ ಖಂಡಿತ ಬೇಡ, ಗ್ರಾಮ ಆಡಳಿತ ಅಧಿಕಾರಿಗಳು ಈಗಾಗಲೇ ಆ್ಯಪ್‌ಗಳ ಭಾರದಲ್ಲಿ ಬಳಲಿದ್ದಾರೆ. ಮೂರು ತಿಂಗಳಿಗೊಮ್ಮೆ ಆ ಸಂಖ್ಯೆಗಳನ್ನು, ಯಾವ ಮೇಲಿನ ಕಚೇರಿ ಎಷ್ಟು ಬಾರಿ ಹಾರ್ಡ್ ಕಾಪಿ ಕೇಳಿತು ಎಂಬುದರ ಜೊತೆಗೆ, ಇಲಾಖೆಯ ಜಾಲತಾಣದಲ್ಲಿ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ವಿವರಗಳೊಂದಿಗೆ ಪ್ರಕಟಿಸಿದರೆ ಸಾಕು. ಮೊದಲು ಒಂದು ಜಿಲ್ಲೆಯಲ್ಲಿ ಆರು ತಿಂಗಳು ಮಾಡಿ ನೋಡಬಹುದು. ಆ ಜಿಲ್ಲೆಯ ಕಚೇರಿಗಳಿಗೆ ಹೋಗಿ ದಾಸ್ತಾನು ವಹಿ ನೋಡಿಕೊಳ್ಳುವ ನೌಕರರಿಗೆ ಈ ಕಲಮು ಬರೆಯುವುದನ್ನು ತೋರಿಸಿಕೊಡಲು, ಯಾವ ಭತ್ಯೆಯೂ ಇಲ್ಲದೆ, ನಾನು ಸಿದ್ಧನಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಥಮ ದರ್ಜೆ ಸಹಾಯಕ