6.83ರ ಗೆರೆ

ನವನಗರ, ಬಾಗಲಕೋಟೆ

ಪ್ರಿಯ ಗೆಳೆಯನಿಗೆ,

ನಿನ್ನ ಪತ್ರ ಬಂದು ನಾಲ್ಕು ದಿನಗಳಾದವು. ವಿಭಾಗ ಮಟ್ಟದ ಕೂಟದ ಉದ್ದಜಿಗಿತದಲ್ಲಿ ಮಗಳ ಮೂರೂ ಜಿಗಿತಗಳು ಫೌಲ್ ಆದವೆಂದೂ, ಮನೆಗೆ ಬಂದವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂದೂ ಓದಿ ಸಂಕಟವಾಯಿತು. ಆದರೆ ಕೊನೆಯಲ್ಲಿ ನೀನು ಬರೆದ ಮಾತನ್ನು ಮಾತ್ರ ನಾನು ಒಪ್ಪಲಾರೆ. ಉದ್ದಜಿಗಿತದ ಅಂಜು ಬಾಬಿ ಜಾರ್ಜ್ ಅವರಂಥವರಿಗೇ ಇಡೀ ಜೀವಮಾನದಲ್ಲಿ ದಕ್ಕಿದ್ದು ಒಂದು ಕಂಚು, ಇನ್ನು ನಮ್ಮ ಹುಡುಗಿಯ ಪಾಡೇನು ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಕೊಡದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಮೊದಲಿಗೆ, ನಿನ್ನ ಲೆಕ್ಕವೇ ತಪ್ಪು. 2002ರಲ್ಲಿ ಮ್ಯಾಂಚೆಸ್ಟರ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 6.49 ಮೀಟರ್ ಜಿಗಿದು ಕಂಚು, ಅದೇ ವರ್ಷ ಬುಸಾನ್‌ನ ಏಷ್ಯನ್ ಕ್ರೀಡಾಕೂಟದಲ್ಲಿ 6.53ಕ್ಕೆ ಚಿನ್ನ ಅವರಿಗೆ ಬಂದಿದ್ದವು. ನೀನು ಹೇಳುವ ಕಂಚು 2003ರ ಪ್ಯಾರಿಸ್ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನದು. ಅದು ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ. ಎರಡನೆಯದನ್ನು ನೀರಜ್ ಚೋಪ್ರಾ ತರಲು 2022ರವರೆಗೆ ಕಾಯಬೇಕಾಯಿತು. ಅಲ್ಲಿ ಅಂಜು ಜಿಗಿದದ್ದು 6.70. ಬೆಳ್ಳಿ ಗೆದ್ದ ರಷ್ಯಾದ ತತ್ಯಾನಾ ಕೋಟೋವಾ ಅವರದು 6.74. ನಡುವೆ ಇದ್ದದ್ದು ನಾಲ್ಕು ಸೆಂಟಿಮೀಟರ್, ಅಂದರೆ ನಮ್ಮ ಎರಡು ಬೆರಳಿನ ಅಗಲಕ್ಕಿಂತ ತುಸು ಹೆಚ್ಚು.

ಆದರೂ ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ದಿನ ಪ್ಯಾರಿಸ್‌ನದಲ್ಲ, ಪದಕವೇ ಸಿಗದ ಅಥೆನ್ಸ್‌ನದು. 2004ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವರು 6.83 ಮೀಟರ್ ಜಿಗಿದರು. ಅದಕ್ಕಿಂತ ದೂರ ಅವರು ಮುಂದೆಂದೂ ಜಿಗಿಯಲಿಲ್ಲ. ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಇದೇ ಜಿಗಿತ ಬಂದಿದ್ದರೆ ಬೆಳ್ಳಿ ಅವರದಾಗುತ್ತಿತ್ತು. ಅಥೆನ್ಸ್‌ನಲ್ಲಿ ಚಿನ್ನಕ್ಕೆ 7.07 ಬೇಕಾಯಿತು, ಇವರಿಗೆ ಸಿಕ್ಕಿದ್ದು ಆರನೆಯ ಸ್ಥಾನ. ಐದನೆಯವರಾಗಿದ್ದ ಮರಿಯನ್ ಜೋನ್ಸ್ ನಿಷೇಧಿತ ಮದ್ದು ಸೇವಿಸಿದ್ದನ್ನು 2007ರಲ್ಲಿ ಒಪ್ಪಿಕೊಂಡು ಫಲಿತಾಂಶ ಕಳೆದುಕೊಂಡ ಮೇಲೆ ಇವರು ಐದಕ್ಕೆ ಏರಿದರು. ಜಗತ್ತಿನ ಅತಿ ಕಠಿಣ ವೇದಿಕೆಯಲ್ಲಿ, ಬೇಕಾದ ದಿನವೇ ತನ್ನ ಜೀವನದ ಅತ್ಯುತ್ತಮ ಜಿಗಿತವನ್ನು ಹೊರತಂದವರನ್ನು ಸೋತವರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

6.83 ಎಂದರೆ ಎಷ್ಟೆಂದು ಮಕ್ಕಳಿಗೆ ತೋರಿಸಲು ಹೋದ ವಾರ ಶಾಲೆಯ ಅಂಗಳದಲ್ಲಿ ಟೇಪು ಹಿಡಿದು ಸುಣ್ಣದ ಗೆರೆ ಎಳೆಸಿದೆ. ಇಪ್ಪತ್ತು ಅಡಿ ಉದ್ದದ ನಮ್ಮ ತರಗತಿ ಕೋಣೆಯನ್ನು ದಾಟಿ ಇನ್ನೂ ಎರಡೂವರೆ ಅಡಿಯಷ್ಟು ಆಚೆಗೆ ಹೋಯಿತು. ಮಕ್ಕಳು ಬಹಳ ಹೊತ್ತು ಆ ಗೆರೆಯ ಬಳಿಯೇ ನಿಂತಿದ್ದರು. ನಾವಿಬ್ಬರೂ ಎರೆಹೊಲದ ಮಣ್ಣು ಸಡಿಲಿಸಿಕೊಂಡು ಜಿಗಿಯುತ್ತಿದ್ದ ದಿನಗಳು ನೆನಪಾದವು.

ಆ ಗೆರೆಯ ಹಿಂದಿನ ಶ್ರಮವನ್ನೂ ಮಗಳಿಗೆ ಹೇಳು. ಅಂಜು ಮೊದಲು ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿದ್ದವರು. ಟ್ರಿಪಲ್ ಜಂಪ್‌ನ ಮಾಜಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಪತಿ ರಾಬರ್ಟ್ ಬಾಬಿ ಜಾರ್ಜ್ ಅವರೇ ಕೋಚ್ ಆದರು. ಪುರುಷರ ಉದ್ದಜಿಗಿತದಲ್ಲಿ 8.95 ಮೀಟರಿನ ವಿಶ್ವದಾಖಲೆಯ ಮೈಕ್ ಪೊವೆಲ್ ಅವರ ಬಳಿಯೂ ಪ್ಯಾರಿಸ್‌ಗೆ ಮುನ್ನ ಕಲಿತರು. ತಾನು ಒಂದೇ ಮೂತ್ರಪಿಂಡದೊಂದಿಗೆ ಇಷ್ಟೆಲ್ಲ ಸಾಧಿಸಿದ್ದೆಂದು ಅವರು ಲೋಕಕ್ಕೆ ತಿಳಿಸಿದ್ದು 2020ರಲ್ಲಿ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಫೌಲ್‌ನ ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಅಂಜು ಅವರ ಮೂರೂ ಜಿಗಿತಗಳು ಫೌಲ್ ಆದವು. ಹೆಸರಿನ ಮುಂದೆ ಒಂದು ಅಂಕಿಯೂ ಬರಲಿಲ್ಲ. ನಿನ್ನ ಮಗಳಿಗೆ ಆದದ್ದೂ ಅದೇ. ಜಿಗಿಯಲು ಕಾಲೂರುವ ಹಲಗೆಯ ಅಗಲ 20 ಸೆಂಟಿಮೀಟರ್ ಮಾತ್ರ. ಪೂರ್ಣ ವೇಗದಲ್ಲಿ ಓಡಿ ಬಂದು ಅದರ ಮೇಲೆ ಪಾದ ಊರಬೇಕು, ಮುಂದಿನ ಅಂಚನ್ನು ದಾಟಕೂಡದು. ಅಂಚಿಗಿಂತ ಹಿಂದೆ ಎದ್ದರೆ ಅಷ್ಟು ದೂರ ನಷ್ಟ, ಏಕೆಂದರೆ ಅಳತೆ ಅಂಚಿನಿಂದಲೇ. ಊರಿನ ಮೆದು ಮಣ್ಣಿನಲ್ಲಿ ಹೆಜ್ಜೆ ಅಳೆದುಕೊಂಡ ಹುಡುಗಿ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಓಡಿದಾಗ ಪ್ರತಿ ಹೆಜ್ಜೆಯೂ ತುಸು ಉದ್ದವಾಗುತ್ತದೆ. ಹದಿನಾರು ಹೆಜ್ಜೆಗೆ ಒಂದೊಂದು ಸೆಂಟಿಮೀಟರ್ ಕೂಡಿದರೂ ಸಾಕು, ಪಾದ ಅಂಚಿನಾಚೆ ಬೀಳುತ್ತದೆ. ಇದು ಅವಳ ಅಧೈರ್ಯವಲ್ಲ, ಓಟ ಶುರು ಮಾಡುವ ಗುರುತನ್ನು ಹಿಂದಕ್ಕೆ ಸರಿಸಬೇಕೆಂದು ಹೇಳುವವರು ಪಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಒಂದು ಸಂಗತಿ ಬಿಟ್ಟುಹೋಗಿತ್ತು. 2005ರ ಮೊನಾಕೋ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಅಂಜು 6.75 ಜಿಗಿದು ಕೋಟೋವಾ ಅವರ ಹಿಂದೆ ಎರಡನೆಯವರಾಗಿದ್ದರು. ಕೋಟೋವಾ ಅವರ ಆ ವರ್ಷದ ಮಾದರಿಯನ್ನು ಬಹಳ ಕಾಲದ ನಂತರ ಮರುಪರೀಕ್ಷಿಸಿದಾಗ ನಿಷೇಧಿತ ಮದ್ದು ಪತ್ತೆಯಾಗಿ, 2014ರಲ್ಲಿ ಅಂಜು ಅವರ ಬೆಳ್ಳಿ ಚಿನ್ನವಾಯಿತು. ಒಂಬತ್ತು ವರ್ಷಗಳ ನಂತರ! ಆ ಸಂಜೆ ಮೇಲಿನ ಮೆಟ್ಟಿಲಲ್ಲಿ ನಿಂತು ರಾಷ್ಟ್ರಗೀತೆ ಕೇಳುವ ಭಾಗ್ಯವನ್ನು ಮಾತ್ರ ಯಾರೂ ಹಿಂದಿರುಗಿಸಲಾರರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ಅವರೂ ರಾಬರ್ಟ್ ಅವರೂ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳನ್ನು ತಯಾರು ಮಾಡುತ್ತಿದ್ದಾರೆ. ಝಾನ್ಸಿಯಿಂದ ಬಂದ ಶೈಲಿ ಸಿಂಗ್ 2021ರಲ್ಲಿ ನೈರೋಬಿಯ ಕಿರಿಯರ ವಿಶ್ವಕೂಟದಲ್ಲಿ 6.59 ಜಿಗಿದು, ಒಂದೇ ಸೆಂಟಿಮೀಟರಿನಿಂದ ಚಿನ್ನ ತಪ್ಪಿಸಿಕೊಂಡಳು. 2023ರಲ್ಲಿ ಬೆಂಗಳೂರಿನಲ್ಲಿ 6.76ರವರೆಗೆ ಬಂದಳು.

ದಸರಾ ರಜೆಗೆ ಮಗಳನ್ನು ಇಲ್ಲಿಗೆ ಕರೆದುಕೊಂಡು ಬಾ. ಪಿಟ್‌ನ ಮರಳನ್ನು ಜರಡಿ ಹಿಡಿಸಿ ಕಲ್ಲು ತೆಗೆಸಿದ್ದೇನೆ, ಬಡಿಗೇರರಿಂದ ಹೊಸ ಹಲಗೆಯನ್ನೂ ಮಾಡಿಸಿದ್ದೇನೆ. ಅವಳು ಎಷ್ಟು ಹೆಜ್ಜೆ ಓಡುತ್ತಾಳೆ, ಗುರುತು ಎಲ್ಲಿ ಇಡುತ್ತಾಳೆ ಎಂಬುದನ್ನು ಅಡಿಯ ಲೆಕ್ಕದಲ್ಲಿ ಬರೆದು ಕಳುಹಿಸು.

ನಿನ್ನ ಹಳೆಯ ಗೆಳೆಯ