ಬೆಚ್ಚಗಿನ ಬಿಯರ್ ಅಂತ ಬರೆದವರಿಗೆ ಕೆಂಟ್‌ನಿಂದ ಒಂದು ಉತ್ತರ

ಸಂಪಾದಕರಿಗೆ ನಮಸ್ಕಾರ,

ಇಂಗ್ಲೆಂಡಿನ ಕೆಂಟ್ ಕಡೆ ಏಲ್ ಅನ್ನೋ ಥರದ ಬಿಯರ್ ಮಾರೋ ಪುಟ್ಟ ಪಬ್ಬುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದಿದ್ದ ಎರಡೂ ಓದುಗರ ಪತ್ರ ಓದಿದೆ. ಮಗಳ ಮನೆಗೆ ಬಂದಿದ್ದ ಹಿರಿಯರೊಬ್ರು ಬರೆದಿದ್ರು, ಬಿಯರ್ ಬೆಚ್ಚಗಿತ್ತು, ನೊರೆ ಇರ್ಲಿಲ್ಲ, ಟಿವಿ ಇಲ್ಲ ಹಾಡಿಲ್ಲ, ತಿನ್ನೋಕೆ ಬಿಸಿಯಾಗಿ ಏನೂ ಸಿಗ್ಲಿಲ್ಲ, ನಾಲ್ಕೈದು ಜನ ವಯಸ್ಸಾದವರು ನಮ್ಮನ್ನೇ ನೋಡ್ತಾ ಕೂತಿದ್ರು, ದುಡ್ಡು ದಂಡ ಅಂತ. ಇನ್ನೊಬ್ರು ಅದೇ ಥರದ ಜಾಗಕ್ಕೆ ಹೋಗಿ, ಇಡೀ ಪ್ರವಾಸದಲ್ಲಿ ನೆನಪಲ್ಲಿ ಉಳಿದಿದ್ದು ಅದೊಂದೇ ಸಂಜೆ ಅಂತ ಬರೆದಿದ್ರು. ಇಬ್ರೂ ಕಂಡಿದ್ದನ್ನೇ ಬರೆದಿದಾರೆ, ಅದ್ರಲ್ಲಿ ಅನುಮಾನ ಇಲ್ಲ. ನಾನು ಒಂಬತ್ತು ವರ್ಷದಿಂದ ಇಲ್ಲೇ ಇದೀನಿ, ಅಂಥದೇ ಒಂದು ಪಬ್ಬು ನಮ್ಮನೆಯಿಂದ ಹತ್ತು ನಿಮಿಷದ ನಡಿಗೆ, ಊರಿಂದ ಬಂದವರನ್ನೆಲ್ಲ ಕರ್ಕೊಂಡು ಹೋಗ್ತೀನಿ, ಆದ್ರೆ ಒಂದೇ ಮೇಜಲ್ಲಿ ಕೂತ ಇಬ್ರ ಅಭಿಪ್ರಾಯ ಒಂದಾಗಿದ್ದನ್ನ ನಾನಂತೂ ನೋಡಿಲ್ಲ.

ಆದ್ರೂ ಬರೀತಿರೋದು ಯಾಕೆ ಅಂದ್ರೆ, ಮೊದಲನೇ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿ ಹೋಗಿದೆ. ಕೆಟ್ಟ ಬಿಯರ್ ಕೊಟ್ರೆ ಅದು ತಪ್ಪು, ಬೈಬೇಕು. ಆದ್ರೆ ಆ ಜಾಗ ಯಾವುದಕ್ಕೋಸ್ಕರ ತೆರೆದಿದೆಯೋ ಅದನ್ನೇ ತಪ್ಪು ಅಂತ ಬರೆದ್ರೆ ಹೇಗೆ ಸರ್?

ಮೊದಲು ಬೆಚ್ಚಗಿನ ಮಾತು. ಈ ಪಬ್ಬುಗಳಲ್ಲಿ ಪೀಪಾಯಿಯಿಂದ ಕೊಡೋ ರಿಯಲ್ ಏಲ್ ಬೆಚ್ಚಗೆ ಇರಲ್ಲ, 11ರಿಂದ 13 ಡಿಗ್ರಿ ಒಳಗೆ ಇರ್ಬೇಕು ಅಂತ ಲೆಕ್ಕ, ಅಂದ್ರೆ ನೆಲಮಾಳಿಗೆಯ ತಂಪು. ನಮ್ಮವರು ಫ್ರಿಜ್ಜಿಂದ ಬೆವರುತ್ತಾ ಬರೋ ಕಿಂಗ್‌ಫಿಷರ್ ಕುಡಿದು ರೂಢಿ ಇರೋದ್ರಿಂದ ನಾಲಿಗೆಗೆ ಅದು ಬೆಚ್ಚಗೆ ಅನ್ಸತ್ತೆ. ಫ್ರಿಜ್ ನೀರಿಗೂ ಹೂಜಿ ನೀರಿಗೂ ಇರೋ ವ್ಯತ್ಯಾಸ ಗೊತ್ತಲ್ಲ, ಅದೇ ಥರ. ಐಸ್ ಥರ ಕೊರೆದ್ರೆ ಬಿಯರಿಗೆ ಕಹಿ, ಘಮ ಕೊಡೋ ಹಾಪ್ಸ್ ಹೂವಿನ ವಾಸನೆನೂ ಗೊತ್ತಾಗಲ್ಲ, ಮಾಲ್ಟ್ ಅಂದ್ರೆ ಮೊಳಕೆ ಬರಿಸಿದ ಬಾರ್ಲಿಯ ರುಚಿನೂ ಗೊತ್ತಾಗಲ್ಲ, ಈ ಕೆಂಟ್ ಅಂತೂ ಹಾಪ್ಸ್ ಬೆಳೆಯೋ ಸೀಮೆ, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅನ್ನೋ ತಳಿಯ ಹೆಸರಲ್ಲೇ ಊರಿದೆ, ಇಲ್ಲಿ ಕೂತು ಅದರ ವಾಸನೆ ಸಿಗ್ದಂಗೆ ಕುಡಿಯೋದು ಅಂದ್ರೆ ಚಿಕ್ಕಮಗಳೂರಿಗೆ ಹೋಗಿ ಇನ್‌ಸ್ಟಂಟ್ ಕಾಫಿ ಕುಡಿದಂಗೆ. ನೊರೆ ವಿಷ್ಯಕ್ಕೆ ಬಂದ್ರೆ ಇಂಗ್ಲಿಷಿನವರೇ ಜಗಳ ಆಡ್ತಾರೆ. ಉತ್ತರದ ಯಾರ್ಕ್‌ಶೈರ್ ಕಡೆಯವರು ಏಲ್ ಎಳೆಯೋ ಕೈಪಂಪಿನ ಬಾಯಿಗೆ ಸ್ಪಾರ್ಕ್ಲರ್ ಅನ್ನೋ ತೂತಿನ ಮುಚ್ಚಳ ಹಾಕಿ ಕೆನೆ ಥರ ನೊರೆ ತರಿಸ್ತಾರೆ, ಕೆಂಟ್ ಇರೋ ದಕ್ಷಿಣದಲ್ಲಿ ಸಾಮಾನ್ಯವಾಗಿ ಅದು ಇರಲ್ಲ.

ಈಗ ಒಳಗಿನ ಕೆಲಸ ಸ್ವಲ್ಪ ಹೇಳ್ಬೇಕು, ಇದು ಗೊತ್ತಾದ್ರೆ ಅರ್ಧ ದೂರು ತಾನಾಗೇ ಹೋಗತ್ತೆ. ಮಾಮೂಲಿ ಬಿಯರ್ ಫ್ಯಾಕ್ಟರಿಯಲ್ಲೇ ಸೋಸಿ, ಯೀಸ್ಟ್ ತೆಗೆದು, ಗ್ಯಾಸ್ ತುಂಬಿ ಬರತ್ತೆ. ರಿಯಲ್ ಏಲ್ ಹಾಗಲ್ಲ, ಪೀಪಾಯಿ ಒಳಗೆ ಯೀಸ್ಟ್ ಜೀವಂತ ಇರತ್ತೆ, ಪಬ್ಬಿಗೆ ಬಂದ ಮೇಲೂ ಹುದುಗ್ತಾನೇ ಇರತ್ತೆ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಹೊತ್ತಿಗೆ ಉಬ್ಬತ್ತಲ್ಲ ಹಂಗೆ. ಪಬ್ಬಿನವನು ಪೀಪಾಯಿಯನ್ನ ಅಡ್ಡ ಮಲಗಿಸಿ, ಮೇಲಿನ ತೂತಿಗೆ ಮೆದು ಮರದ ಬಿರಡೆ ಹೊಡೆದು ಹೆಚ್ಚಿನ ಗ್ಯಾಸ್ ಹೋಗೋಕೆ ಬಿಟ್ಟು, ಒಂದೆರಡು ದಿನ ಅಲ್ಲಾಡಿಸದೆ ಇಟ್ಟು, ಗಷ್ಟೆಲ್ಲ ತಳಕ್ಕೆ ಕೂತ ಮೇಲೆ ನಲ್ಲಿಯಿಂದ ಸ್ವಲ್ಪ ಬಿಟ್ಟು ರುಚಿ ನೋಡಿ ಮಾರೋಕೆ ಶುರು ಮಾಡ್ತಾನೆ. ಅಲ್ಲಿಂದ ಪೀಪಾಯಿ ಖಾಲಿಯಾದಂಗೆ ಒಳಗೆ ಗಾಳಿ ಸೇರತ್ತೆ, ಮೂರು ದಿನ ಚೆನ್ನಾಗಿರತ್ತೆ, ಆಮೇಲೆ ಹುಳಿ. ಫರ್ಕಿನ್ ಅನ್ನೋ ಪೀಪಾಯಿ ಒಂಬತ್ತು ಗ್ಯಾಲನ್, ಅಂದ್ರೆ 72 ಪೈಂಟು (ಒಂದು ಪೈಂಟು ಅಂದ್ರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ), ತಳದ ಗಷ್ಟು ಕಳೆದ್ರೆ ಅಷ್ಟೂ ಸಿಗಲ್ಲ. ಮೂರು ಥರ ಏಲ್ ಇಟ್ರೆ ಒಂದೊಂದೂ ದಿನಕ್ಕೆ ಇಪ್ಪತ್ತಕ್ಕಿಂತ ಮೇಲೆ ಪೈಂಟು ಹೋಗ್ಲೇಬೇಕು, ಇಲ್ಲಾಂದ್ರೆ ಉಳಿದಿದ್ದು ಚರಂಡಿಗೆ. ಇಪ್ಪತ್ತು ಇಪ್ಪತ್ತೈದು ಜನ ಹಿಡಿಸೋ ಜಾಗದಲ್ಲಿ ಇದು ದಿನಾ ನಡೀಬೇಕು ಸರ್. ಅದಕ್ಕೇ ಅಲ್ಲಿ ಹಲಗೆ ಮೇಲೆ ಮೂರ್ನಾಲ್ಕೇ ಹೆಸರು ಇರೋದು, ಅದಕ್ಕೇ ನಿನ್ನೆ ಇದ್ದದ್ದು ಇವತ್ತು ಇಲ್ಲ ಅನ್ನೋದು.

ಈ ಥರದ ಮೈಕ್ರೋಪಬ್ಬುಗಳು ಶುರುವಾಗಿದ್ದೇ ಕೆಂಟ್‌ನಲ್ಲಿ. 2005ರಲ್ಲಿ ಹರ್ನ್ ಅನ್ನೋ ಹಳ್ಳೀಲಿ ಮಾರ್ಟಿನ್ ಹಿಲಿಯರ್ ಅನ್ನೋರು ಒಂದು ಹಳೇ ಮಾಂಸದಂಗಡಿ ಕೋಣೆಯಲ್ಲಿ ಬುಚರ್ಸ್ ಆರ್ಮ್ಸ್ ತೆಗೆದ್ರು, 2003ರ ಲೈಸೆನ್ಸಿಂಗ್ ಕಾಯ್ದೆ ಜಾರಿಗೆ ಬಂದು ಸಣ್ಣವರಿಗೂ ಲೈಸೆನ್ಸ್ ಸಿಗೋದು ಸುಲಭ ಆಗಿತ್ತು. ಟಿವಿ, ಜೂಕ್‌ಬಾಕ್ಸ್, ಜೂಜಿನ ಮೆಷಿನ್ ಬೇಡ, ಏಲ್ ಇರ್ಲಿ ಮಾತಿರ್ಲಿ ಅನ್ನೋದೇ ಅದರ ಲೆಕ್ಕಾಚಾರ, ಕೆಲವು ಕಡೆ ಮೊಬೈಲ್ ರಿಂಗ್ ಆದ್ರೆ ದಾನದ ಡಬ್ಬಕ್ಕೆ ದುಡ್ಡು ಹಾಕ್ಬೇಕು. ಆಮೇಲೆ ದರ್ಜಿ ಅಂಗಡಿ, ಹೂವಿನಂಗಡಿ, ಅಂಚೆ ಕಚೇರಿ ಇದ್ದ ಜಾಗಗಳಲ್ಲೆಲ್ಲ ಇಂಥವು ಹುಟ್ಕೊಂಡ್ವು. ಅದಕ್ಕೂ ಹಿಂದೆ ದೊಡ್ಡ ಕಂಪನಿಗಳು ಗ್ಯಾಸ್ ತುಂಬಿದ ಕೆಗ್ ಬಿಯರನ್ನೇ ಎಲ್ಲಾ ಕಡೆ ತುಂಬ್ತಿದ್ದಾಗ 1971ರಲ್ಲಿ ನಾಲ್ಕು ಜನ ಸೇರಿ ರಿಯಲ್ ಏಲ್ ಉಳಿಸೋಕೆ ಕಾಮ್ರಾ ಅನ್ನೋ ಚಳವಳಿ ಕಟ್ಟಿದ್ರು, ಅದಿಲ್ದೇ ಇದ್ದಿದ್ರೆ ಇವತ್ತು ಈ ಪೀಪಾಯಿ ಏಲ್ ಉಳೀತಾನೇ ಇರ್ಲಿಲ್ಲ ಅಂತ ನನ್ನ ನಂಬಿಕೆ. ಹಂಗಾಗಿ ಟಿವಿ ಇಲ್ಲ ಅಂತ ದೂರೋದು, ಗ್ರಂಥಾಲಯದಲ್ಲಿ ಹಾಡು ಹಾಕಲ್ಲ ಅಂತ ದೂರಿದಂಗೆ ಆಗತ್ತೆ.

ಈಗ ನಾನು ಪಬ್ಬಿಗೆ ಕರ್ಕೊಂಡು ಹೋದವರ ಮಾತಿಗೆ ಬರ್ತೀನಿ. ತಿಪಟೂರಿಂದ ಬಂದಿದ್ದ ನಮ್ಮ ಚಿಕ್ಕಪ್ಪ, ತೆಂಗಿನ ತೋಟದವರು, ಒಂದು ಗುಟುಕು ಬಾಯಲ್ಲಿ ಇಟ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ದು "ಇದಕ್ಕೆ ಜೀವ ಐತೆ ಕಣೋ" ಅಂದ್ರು. ಅವರಿಗೆ ಬರೋದು ಅಷ್ಟೋ ಇಷ್ಟೋ ಇಂಗ್ಲಿಷು, ಆದ್ರೂ ಎದುರು ಬೆಂಚಲ್ಲಿದ್ದ ರಿಟೈರ್ಡ್ ಪೋಸ್ಟ್‌ಮನ್ ಜೊತೆ ಮಳೆ, ಮಂಡಿನೋವು, ಸೇಬಿನ ಮರಕ್ಕೆ ಬರೋ ರೋಗ ಅಂತ ಒಂದೂವರೆ ಗಂಟೆ ಮಾತಾಡಿದ್ರು. ಅವರ ಮಗ, ನನ್ನ ತಮ್ಮ, ಬೆಂಗಳೂರಿನ ಇಂದಿರಾನಗರದ ಬ್ರೂಪಬ್ಬುಗಳನ್ನ ನೋಡಿದವನು, ಅದೇ ಸಂಜೆ ಅದೇ ಏಲ್ ಕುಡಿದು "ಸಪ್ಪೆ ಅಣ್ಣಾ, ನಾಲ್ಕು ಪರ್ಸೆಂಟಲ್ಲಿ ಏನಾಗತ್ತೆ" ಅಂತ ಎದ್ದು ಹೊರಗೆ ಹೋದ. ಅವನಿಗೆ ಬೇಕಾಗಿದ್ದು ಬೇರೆ ಥರದ ಸಂಜೆ, ಅದ್ರಲ್ಲಿ ತಪ್ಪೇನಿಲ್ಲ, ಪಬ್ಬಿಂದೂ ತಪ್ಪಿಲ್ಲ.

ಆದ್ರೆ ಅತ್ತಿಗೆ ಹೇಳಿದ್ದು ನನಗೆ ಇವತ್ತಿಗೂ ಕೊರೀತಾ ಇದೆ. ಬಾಗಿಲು ತೆಗೆದ ತಕ್ಷಣ ಒಳಗಿದ್ದ ಅಷ್ಟೂ ಜನ ತಿರುಗಿ ನೋಡಿದ್ರು, ನಾವೆಲ್ಲಿಗೋ ತಪ್ಪಿ ಬಂದ್ವಿ ಅನ್ನಿಸ್ತು ಅಂದ್ರು. ಗೋಡೆ ಸುತ್ತ ಬೆಂಚು, ಎಲ್ರೂ ಮಧ್ಯಕ್ಕೆ ಮುಖ ಮಾಡಿ ಕೂರೋದ್ರಿಂದ ಯಾರು ಬಂದ್ರೂ ಎಲ್ರೂ ನೋಡ್ತಾರೆ, ಊರಿನ ಅರಳಿಕಟ್ಟೆ ಮುಂದೆ ಹೊಸಬರು ಹಾದುಹೋದ್ರೆ ನೋಡಲ್ವಾ ಹಂಗೆ, ಅಂತ ನಾನು ವಿವರಿಸಿದೆ. ಅವರು ಕೇಳಿಸ್ಕೊಂಡ್ರು, ಆದ್ರೆ ಮತ್ತೆ ಬರ್ಲಿಲ್ಲ. ಬಣ್ಣ ಬೇರೆ ಇರೋ ಹೆಂಗಸಿಗೆ ಆ ನೋಟ ಹೆಂಗೆ ತಟ್ಟತ್ತೆ ಅನ್ನೋದನ್ನ ನಾನು ಬೆಂಚಿನ ಲೆಕ್ಕದಲ್ಲಿ ತೀರಿಸೋಕಾಗಲ್ಲ. ಮೊದಲನೇ ಪತ್ರದ ಹಿರಿಯರು ಬರೆದದ್ದರಲ್ಲಿ ಈ ಒಂದು ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಪಬ್ಬಿನವರಿಗೆ ಇದನ್ನ ಹೇಳ್ದೆ, ಈಗ ಅವರು ಬಾಗಿಲ ಸದ್ದಾದ್ರೆ ಕೌಂಟರಿಂದಲೇ ಮೊದಲು ಹಲೋ ಅಂತಾರೆ.

ಇನ್ನೊಂದು ವಿಷಯ ಎರಡೂ ಪತ್ರದಲ್ಲಿ ಇರ್ಲಿಲ್ಲ, ನಮ್ಮ ಓದುಗರಿಗೆ ತಿಳೀಲೇಬೇಕು. ಏಲ್ ತಿಳಿಯಾಗಲಿ ಅಂತ ಹಾಕೋ ಐಸಿಂಗ್ಲಾಸ್ ಅನ್ನೋದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಅದು ಯೀಸ್ಟ್ ಹಿಡ್ಕೊಂಡು ತಳಕ್ಕೆ ಹೋಗತ್ತೆ ನಿಜ, ಆದ್ರೂ ಶುದ್ಧ ಸಸ್ಯಾಹಾರಿಗಳಿಗೆ ಆಗಲ್ಲ. ಧಾರವಾಡದ ಗೆಳೆಯನೊಬ್ಬ ಖುಷಿಯಾಗಿ ಕುಡಿದ ಮೇಲೆ ನನ್ನ ಬಾಯಿಂದ ಈ ವಿಷಯ ಬಂತು, ಅವನ ಮುಖ ನೋಡೋಕಾಗ್ಲಿಲ್ಲ, ಮೊದಲೇ ಹೇಳ್ಬೇಕಿತ್ತು, ತಪ್ಪು ನಂದೇ. ಈಗ ಇದನ್ನ ಹಾಕದೆ ಮಾಡೋ ಬ್ರೂವರಿಗಳು ಎಷ್ಟೋ ಇವೆ, ಸ್ವಲ್ಪ ಮಬ್ಬಾಗಿ ಕಾಣತ್ತೆ ಅಷ್ಟೇ. ಕೌಂಟರಲ್ಲಿ ಅನ್‌ಫೈನ್ಡ್, ಅಂದ್ರೆ ಇದನ್ನ ಹಾಕದ್ದು, ಇದೆಯಾ ಅಂತ ಕೇಳಿ, ಹೇಳ್ತಾರೆ. ಕುಡಿಯದವರು ಜ್ಯೂಸ್ ತಗೊಂಡು ಕೂತ್ರೂ ಯಾರೂ ಏನೂ ಅನ್ನಲ್ಲ, ನಮ್ಮ ಮನೆಯವಳು ಯಾವತ್ತೂ ಹಂಗೇ.

ನಿಜವಾದ ತಪ್ಪು ಯಾವುದು ಅಂದ್ರೆ, ವಿನೆಗರ್ ವಾಸನೆ ಬರೋ ಏಲ್. ಒಮ್ಮೆ ಬೇರೆ ಊರಲ್ಲಿ, ಹೆಸರು ಬೇಡ, ನನಗೂ ಜೊತೆಯಲ್ಲಿದ್ದ ಸಹೋದ್ಯೋಗಿಗೂ ಅಂಥದ್ದೇ ಕೊಟ್ರು, ಆತ ಸಂಕೋಚಕ್ಕೆ ಪೂರ್ತಿ ಕುಡಿದು, ಇಲ್ಲಿಯವರ ಬಿಯರೇ ಹಿಂಗೆ ಅಂತ ಊರಿಗೆ ಹೋಗಿ ಹೇಳಿದ. ವಾಪಸ್ ಕೊಡ್ಬೇಕಿತ್ತು! ಹುಳಿಯಾಗಿದೆ ಅಂತ ಮೆಲ್ಲಗೆ ಹೇಳಿದ್ರೆ ಒಳ್ಳೆ ಪಬ್ಬಿನವರು ತಕ್ಷಣ ಬದಲಾಯಿಸಿ ಕೊಡ್ತಾರೆ, ಕೆಲವರು ಥ್ಯಾಂಕ್ಸ್ ಕೂಡ ಹೇಳ್ತಾರೆ, ಯಾಕಂದ್ರೆ ಪೀಪಾಯಿ ಮುಗಿದಿದೆ ಅಂತ ಅವರಿಗೆ ಗೊತ್ತಾಗೋದೇ ಹಂಗೆ. ತಗೊಳೋಕೆ ಮುಂಚೆನೂ ಒಂದು ಗುಟುಕು ರುಚಿಗೆ ಕೊಡಿ ಅಂತ ಕೇಳ್ಬಹುದು, ಕಾಸು ಕೇಳಲ್ಲ. ನಮ್ಮವರು ಹೋಟೆಲಲ್ಲಿ ಸಾಂಬಾರ್ ಹಳಸಿದ್ರೆ ಮಾಲೀಕನನ್ನೇ ಕರೀತಾರೆ, ಇಲ್ಲಿ ಬಂದ್ರೆ ಬಾಯಿ ಕಟ್ಕೊಳ್ತಾರೆ, ಆಮೇಲೆ ಊರಿಗೆ ಹೋಗಿ ಪತ್ರ ಬರೀತಾರೆ. ಹಿರಿಯರಿಗೆ ನೋವಾಗ್ಲಿ ಅಂತ ಹೇಳ್ತಿಲ್ಲ, ಅವತ್ತು ಅವರಿಗೆ ಸಿಕ್ಕ ಗ್ಲಾಸು ಚೆನ್ನಾಗಿತ್ತಾ ಕೆಟ್ಟಿತ್ತಾ ಅಂತ ಅವರ ಪತ್ರದಿಂದ ನನಗೆ ಗೊತ್ತಾಗ್ಲಿಲ್ಲ, ಅದೇ ನನ್ನ ಬೇಸರ.

ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ, ನಾಲ್ಕು ಗಂಟೆಗೇ ಕತ್ತಲು, ಆಫೀಸು ಬಿಟ್ರೆ ಮಾತಾಡೋಕೆ ಒಂದು ಪ್ರಾಣಿ ಇರ್ಲಿಲ್ಲ, ಆಗ ನನ್ನ ಹೆಸರನ್ನ ಸರಿಯಾಗಿ ಹೇಳೋಕೆ ಕಲಿತವರು ಆ ಬೆಂಚಿನ ಮೇಲಿದ್ದವರೇ. ಅದಕ್ಕೇ ಇಷ್ಟುದ್ದ ಬರೆದೆ.

ಆ ಹಿರಿಯರು ಮತ್ತೆ ಮಗಳ ಮನೆಗೆ ಬಂದ್ರೆ ದಯವಿಟ್ಟು ಪತ್ರಿಕೆ ಮೂಲಕ ತಿಳಿಸ್ಲಿ, ನಾನೇ ಕರ್ಕೊಂಡು ಹೋಗ್ತೀನಿ. ಶುಕ್ರವಾರ ಸಂಜೆ ಆರಕ್ಕೆ ಬರ್ಲಿ, ವಾರಾಂತ್ಯಕ್ಕೆ ಅಂತ ಹೊಸ ಪೀಪಾಯಿ ತೆಗೆದಿರ್ತಾರೆ. ಅರ್ಧ ಪೈಂಟಿಂದ ಶುರು ಮಾಡೋಣ. ಊಟ ಮಾತ್ರ ನಮ್ಮನೇಲಿ ಮುಗಿಸ್ಕೊಂಡೇ ಹೊರಡೋಣ, ಅಲ್ಲಿ ಚಿಪ್ಸು, ಕಡ್ಲೆಕಾಯಿ ಬೀಜ ಬಿಟ್ರೆ ನಿಜವಾಗ್ಲೂ ಏನೂ ಸಿಗಲ್ಲ.

ಇಂತಿ,
ನಿಮ್ಮ ಓದುಗ, ಕೆಂಟ್, ಇಂಗ್ಲೆಂಡ್